ಶಹಾಬಾದಿ ಕಲ್ಲಿನಲ್ಲಿ ಹುಳದ ಹಲ್ಲು ಹುಡುಕಿದವರು

ಅವರ ಹತ್ತೂ ಬೆರಳು ಸದಾ ನೀಲಿಯಾಗಿರುತ್ತಿದ್ದವು. ಕಾಲೇಜಿಗೆ ಸೇರಿದ ಮೊದಲ ವಾರ ಅದನ್ನು ನೋಡಿ, ಪಾಪ, ಏನೋ ರೋಗವಿರಬೇಕು ಎಂದುಕೊಂಡು ಅವರ ಟೇಬಲ್ಲಿನಿಂದ ಎರಡು ಮಾರು ದೂರವೇ ನಿಂತವಳು ನಾನು. ಅದು ಅವರ ಕಣ್ಣಿಗೆ ಬಿತ್ತು. ಸೀದಾ ನನ್ನ ಮುಂದೆ ಬಂದು, ಕೆಸರಿನಲ್ಲಿ ಹೊರಳುತ್ತಿದ್ದ ಗೇಣುದ್ದದ ಹುಳವೊಂದನ್ನು ನನ್ನ ಟ್ರೇಗೆ ಹಾಕಿದರು. "ಅಯ್ಯಯ್ಯ, ಹೊಲಸ!" ಎಂದು ಕಿರುಚಿಬಿಟ್ಟೆ. ಇಡೀ ಲ್ಯಾಬು ನಕ್ಕಿತು. ಅವರೊಬ್ಬರು ನಗಲಿಲ್ಲ.

"ಧಾರವಾಡದಾಕಿ ಏನವಾ ನೀ?"

"ಹೌದ್ರಿ ಸರ."

"ಹಂಗಾದ್ರ ಕೇಳು. ಹೊಲಸ ಅಲ್ಲ ಇದು. ಮನಷಾ ಅನ್ನೋ ಪ್ರಾಣಿ ಹುಟ್ಟೂಕಿಂತ ಎಷ್ಟೋ ಕೋಟಿ ವರ್ಷ ಮೊದಲ ಇವರ ಮನೆತನ ಇತ್ತು. ಮರ್ಯಾದಿ ಕೊಟ್ಟು ಹಿಡಿ."

ಮರ್ಯಾದೆ ಕೊಟ್ಟು ಹಿಡಿದೆ. ಅಂದಿನಿಂದ ಇಂದಿನವರೆಗೂ ನನ್ನ ಅನ್ನ ಆ ಹುಳದಿಂದಲೇ ನಡೆದಿದೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಮುಂಬಯಿಯ ವಡಾಲದಲ್ಲಿ ನಮ್ಮ ಮನೆ, ಅಪ್ಪ ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಮನೆಗೆ ಹತ್ತಿರದ ಕಾಲೇಜಿನಲ್ಲಿ ಜೀವಶಾಸ್ತ್ರಕ್ಕೆ ಸೇರಿದ್ದೆ. ಅವರು ಅಲ್ಲಿ ಡೆಮಾನ್‌ಸ್ಟ್ರೇಟರ್. ಅಂದರೆ ಕ್ಲಾಸಿನಲ್ಲಿ ಭಾಷಣ ಮಾಡುವವರು ಬೇರೆ, ಲ್ಯಾಬಿನಲ್ಲಿ ಕೈ ಕೆಸರು ಮಾಡಿಕೊಂಡು ಕಲಿಸುವವರು ಇವರು. ವಿಜಾಪುರದ ಕಡೆಯ ಮುಸಲ್ಮಾನರು, ಆಗಲೇ ಐವತ್ತರ ಹತ್ತಿರ ಬಂದಿದ್ದರು. ಮನೆಯಲ್ಲಿ ದಖನಿ, ನನ್ನ ಜೊತೆ ವಿಜಾಪುರದ ಕನ್ನಡ, ಹುಡುಗರ ಜೊತೆ ಬಂಬೈ ಹಿಂದಿ. ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ಮಾತ್ರ ಇಂಗ್ಲಿಷು, ಅದೂ ಇಸ್ತ್ರಿ ಮಾಡಿದ ಅಂಗಿಯಂಥದ್ದು. ಹೊರಗೆ ಬಂದ ಕೂಡಲೇ ಬಿಚ್ಚಿಡುತ್ತಿದ್ದರು. ಹೆಸರು ಬರೆಯುವುದಿಲ್ಲ. ಹೆಸರು ಬರೆದದ್ದು ತಿಳಿದಿದ್ದರೆ ಸಿಟ್ಟಿಗೇಳುತ್ತಿದ್ದ ಮನುಷ್ಯ. ಬೇರೆ ವಿಭಾಗದವರ ಬಾಯಲ್ಲಿ ಅವರು "ಕೀಡೇವಾಲೇ ಸರ್", ಹುಳದ ಸರ್. ನಮಗೆ ಬರೀ ಸರ್.

ಅವರ ಹುಚ್ಚು ಏನೆಂದು ಹೇಳದಿದ್ದರೆ ಮುಂದಿನದು ತಿಳಿಯಲಿಕ್ಕಿಲ್ಲ. ಮೈಯೆಲ್ಲ ಉಂಗುರ ಉಂಗುರವಾಗಿರುವ ಹುಳುಗಳ ದೊಡ್ಡ ವಂಶವೊಂದಿದೆ. ಎರೆಹುಳು, ಜಿಗಣೆ, ಕಡಲ ಕೆಸರಿನ ಹುಳು ಎಲ್ಲ ಅದರಲ್ಲೇ ಬರುತ್ತವೆ. ಈ ವಂಶ ಭೂಮಿಯ ಮೇಲೆ ಮೊದಲು ಯಾವಾಗ ಹುಟ್ಟಿತು ಎಂಬುದು ಅವರ ಪ್ರಶ್ನೆ. ಉತ್ತರ ಕಲ್ಲಿನಲ್ಲಿರಬೇಕು. ಆದರೆ ಹುಳಕ್ಕೆ ಎಲುಬಿಲ್ಲ, ಬಹುಪಾಲಿಗೆ ಚಿಪ್ಪೂ ಇಲ್ಲ. ಸತ್ತರೆ ಎರಡು ದಿನದಲ್ಲಿ ಕರಗಿ ನೀರು. ಅಪರೂಪಕ್ಕೆ ಎಲ್ಲೋ ಒಂದು ಕಡೆ ಮೈಯ ಬಿರುಗೂದಲಿನ ಅಚ್ಚು ಕಲ್ಲಿನ ಮೇಲೆ ಮೂಡಿದ್ದುಂಟು. ಅದು ಬಿಟ್ಟರೆ, ಕೆಲವು ಕಡಲ ಹುಳುಗಳ ಬಾಯಲ್ಲಿ ಹಲ್ಲಿನ ಸಾಲಿರುವ ಕಪ್ಪು ದವಡೆಯಿರುತ್ತದೆ, ಸಾಸಿವೆ ಕಾಳಿಗಿಂತ ಸಣ್ಣದು. ಅದೊಂದು ಗಟ್ಟಿ. ಕಲ್ಲಿನೊಳಗೆ ಕೋಟಿಗಟ್ಟಲೆ ವರ್ಷ ಹಾಗೇ ಕೂತಿರುತ್ತದೆ.

"ಮೆತ್ತಗ ಇದ್ದವರ ಹೆಸರು ಉಳಿಯಂಗಿಲ್ಲ ತಂಗೀ, ಕಚ್ಚಿದವರದ ಉಳಿತೈತಿ" ಎನ್ನುತ್ತಿದ್ದರು. ಹೀಗೆ ಹೇಳುವವರು ಮಾತ್ರ ಯಾರನ್ನೂ ಕಚ್ಚಿದವರಲ್ಲ.

ನಮ್ಮ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಆಸ್ಟ್ರೇಲಿಯದ ಮರಳುಗಲ್ಲಿನ ಮೇಲೆ ಮೂಡಿದ, ಎಲೆಯಂಥ, ಪಟ್ಟೆಪಟ್ಟೆಯಾದ ಅಚ್ಚು. ಕೆಳಗೆ, ಇದೇ ಉಂಗುರ ಹುಳುಗಳ ಮೂಲಪುರುಷ ಎಂದು ಬರೆದಿತ್ತು. ಲೆಕ್ಚರರು ಅದನ್ನು ಹಾಗೇ ಓದಿ ಹೇಳಿ ಹೋದರು. ಇವರು ಲ್ಯಾಬಿನಲ್ಲಿ ಅದೇ ಪುಟ ತೆರೆದು ನಮ್ಮ ಮುಂದೆ ಹಿಡಿದರು.

"ಪಟ್ಟಿ ಅದಾವಂತ ಅಜ್ಜ ಅನ್ನೂದ? ಪಟ್ಟಿ ನನ್ನ ಪೈಜಾಮಾಕ್ಕೂ ಅದಾವ. ಇವನ ಬಾಯಿ ತೋರ್ಸ್ರಿ. ಬಿರುಗೂದಲು ತೋರ್ಸ್ರಿ. ಆಮ್ಯಾಲ ಅಜ್ಜ ಅಂತ ಕಾಲಿಗೆ ಬೀಳೂಣು."

ಪರೀಕ್ಷೆಯಲ್ಲಿ ಏನು ಬರೆಯಬೇಕು ಸರ ಎಂದು ಕೇಳಿದೆವು. "ಪುಸ್ತಕ ಹಿಂಗ ಅಂತೈತಿ, ನಮಗ ಅನುಮಾನ ಐತಿ ಅಂತ ಬರೀರಿ. ಎರಡೂ ಖರೇ" ಎಂದರು. ಬರೆದವರಿಗೆಲ್ಲ ಒಂದೊಂದು ಅಂಕ ಕಡಿಮೆ ಬಂತು. ಅದಕ್ಕೆ ನಮ್ಮನ್ನೆಲ್ಲ ಕರೆದು ಚಹಾ ಕುಡಿಸಿದರು.

ಅವರ ಅಣ್ಣ ಮುಂಬಯಿಗೆ ಬಂದದ್ದು ಶಹಾಬಾದಿ ಫರಸಿ ಹಾಸುವ ಕೆಲಸಕ್ಕೆ. ಈ ಊರಿನ ಚಾಳುಗಳ ನಡುಮನೆ, ಅಡುಗೆಮನೆ, ಬಚ್ಚಲು, ಸಂಡಾಸಿನ ಮುಂದಿನ ಪ್ಯಾಸೇಜು, ಎಲ್ಲಿ ನೋಡಿದರೂ ಆ ಬೂದುಬಣ್ಣದ ಕಲ್ಲೇ. ಅಣ್ಣ ಹಾಸಿದ ಕಲ್ಲಿನ ಕೂಲಿಯಲ್ಲಿ ತಮ್ಮ ಬಿ.ಎಸ್ಸಿ., ಎಂ.ಎಸ್ಸಿ. ಓದಿದ್ದು. ಗೋರೆಗಾಂವಿನ ಒಂದು ಚಾಳಿನಲ್ಲಿ ಅಣ್ಣನ ಸಂಸಾರದ ಜೊತೆಗೇ ಇವರ ವಾಸ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದರೆ, "ಜಾಗಾ ಎಲ್ಲೈತಿ? ಮಂಚದ ಕೆಳಗ ಕಲ್ಲು ಇಟ್ಟೇನಿ" ಎನ್ನುತ್ತಿದ್ದರು.

ಆ ಶಹಾಬಾದಿ ಕಲ್ಲು ಬಲು ಹಳೆಯದು, ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನದು. ಅದರಲ್ಲಿ ಪ್ರಾಣಿಯ ಗುರುತು ಸಿಗುವ ಮಾತೇ ಇಲ್ಲ ಎಂದು ಭೂಗರ್ಭಶಾಸ್ತ್ರದವರು ಕೈ ತೊಳೆದುಕೊಂಡಿದ್ದರು. ಇವರು ಒಪ್ಪಿರಲಿಲ್ಲ. ಹುಡುಕದೇ ಇಲ್ಲ ಎನ್ನುವುದು ಯಾವ ನ್ಯಾಯ ಎಂಬುದು ಇವರ ತಕರಾರು. ಅಣ್ಣ ಕೆಲಸ ಮಾಡುತ್ತಿದ್ದ ಹೊಸ ಬಿಲ್ಡಿಂಗುಗಳಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಲೋಕಲ್ಲಿನಲ್ಲಿ ಬರುತ್ತಿದ್ದರು. ಒಮ್ಮೆ ದಾದರಿನಲ್ಲಿ ಟಿ.ಸಿ. ಹಿಡಿದು, ಚೀಲದಲ್ಲಿ ಏನು ಎಂದು ಕೇಳಿದನಂತೆ. ಕಲ್ಲು ಎಂದರಂತೆ ಇವರು. ಯಾಕೆ? ಇದರಲ್ಲಿ ಹುಳ ಹುಡುಕುತ್ತೇನೆ. ಟಿ.ಸಿ. ಇವರ ನೀಲಿ ಬೆರಳು ನೋಡಿ, ಮುಖ ನೋಡಿ, ಪಾಸು ಕೂಡ ಕೇಳದೆ, "ಜಾಯಿಯೇ ಚಾಚಾ, ಆರಾಮ್ ಸೇ ಜಾಯಿಯೇ" ಎಂದು ಕೈಹಿಡಿದು ಗಾಡಿ ಹತ್ತಿಸಿದನಂತೆ. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ನಮ್ಮ ಮನೆಗೆ ಮೊದಲ ಸಲ ಬಂದಾಗ ಕುರ್ಚಿ ತೋರಿಸಿದರೂ ಕೂಡದೆ ನೆಲದ ಮೇಲೆ ಕೂತು ಅಂಗೈಯಿಂದ ನೆಲ ಸವರತೊಡಗಿದರು. ಅವ್ವ ಅವಲಕ್ಕಿ ತಂದಿಟ್ಟು, ನೆಲ ಒರೆಸಿದ್ದು ಸರಿಯಾಗಿಲ್ಲವೋ ಏನೋ ಎಂದು ಗಾಬರಿಯಾದಳು.

"ಅಕ್ಕಾರ, ಈ ನೆಲದಾಗ ಹುಳ ಇರಬೇಕು ನೋಡ್ರಿ" ಎಂದರು ಇವರು, ಬಹಳ ಪ್ರೀತಿಯಿಂದ.

"ಛೀ, ಏನಂತೀರಿ? ದಿನಾ ಎರಡು ಸಲ ಫಿನಾಯಿಲ್ ಹಾಕಿ ಒರಸ್ತೀನ್ರಿ ನಾ!"

ಆ ಫಿನಾಯಿಲಿನ ಸಿಟ್ಟು ಇಳಿಯಲು ವರ್ಷವೇ ಹಿಡಿಯಿತು. ಆಮೇಲೆ ಮಾತ್ರ ಈದ್ ಹಬ್ಬದ ದಿನ ಅವರ ಮನೆಯಿಂದ ಶೀರ್ ಖುರ್ಮಾದ ಡಬ್ಬಿ ಬರದಿದ್ದರೆ ಅವ್ವನೇ ಚಡಪಡಿಸುತ್ತಿದ್ದಳು.

ಕೆಲಸದ ರೀತಿ ಹೀಗೆ. ಕಲ್ಲನ್ನು ಅಡಿಕೆ ಗಾತ್ರಕ್ಕೆ ಒಡೆದು, ಗಾಜಿನ ಜಾಡಿಯಲ್ಲಿ ಹಾಕಿ, ಮೇಲೆ ತೆಳು ಮಾಡಿದ ಅಸಿಟಿಕ್ ಆಮ್ಲ ಸುರಿಯುವುದು. ವಿನೆಗರಿನದೇ ಜಾತಿ, ಕಾರಿಡಾರಿನ ತುಂಬ ಹುಳಿ ವಾಸನೆ. ವಾರಗಟ್ಟಲೆ ಕಲ್ಲು ಗುಳುಗುಳು ಎನ್ನುತ್ತ ಕರಗಬೇಕು. ತಳದಲ್ಲಿ ಉಳಿದ ರಾಡಿಯನ್ನು ಸಣ್ಣ ಕಣ್ಣಿನ ಹಿತ್ತಾಳೆ ಜರಡಿಗೆ ಹಾಕಿ ತೊಳೆದು, ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಕಾಳು ಕಾಳಾಗಿ ನೋಡುವುದು. ದವಡೆಯೇನಾದರೂ ಇದ್ದರೆ ಆಮ್ಲಕ್ಕೆ ಅದು ಬಗ್ಗುವುದಿಲ್ಲ. ಎಂಟು ವರ್ಷ ಹೀಗೆ ನೋಡಿದ್ದರು, ಏನೂ ಸಿಕ್ಕಿರಲಿಲ್ಲ. "ಬೆಟ್ಟ ಅಗೆದು ಇಲಿ ಹಿಡಿದ ಹಂಗಾತಲ್ರಿ ಸರ" ಎಂದು ಒಮ್ಮೆ ಚಾಷ್ಟಿ ಮಾಡಿದೆ. "ಇಲಿ ಸಿಕ್ಕಿದ್ರ ಹಬ್ಬ ಮಾಡತಿದ್ನಲ್ಲವಾ" ಎಂದರು.

ಕಾಲೇಜಿನಲ್ಲಿ ಅಂಥ ಜರಡಿ ಇದ್ದದ್ದು ಒಂದೇ. ಹುಡುಗರು ಕಡಲ ಕೆಸರಿನ ಹುಳುಗಳನ್ನು ತೊಳೆಯಲಿಕ್ಕೂ ಅದೇ, ಕಲ್ಲಿನ ರಾಡಿಗೂ ಅದೇ. ಅದಕ್ಕೇ ಅವರದೊಂದು ಕಟ್ಟಾಜ್ಞೆ: ಜರಡಿ ಬಳಸಿದ ಪ್ರತಿ ಸಲವೂ ತೊಳೆದು, ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದಲ್ಲಿ ಅದ್ದಬೇಕು. ಜರಡಿಯ ಕಣ್ಣಿನಲ್ಲಿ ಹಿಂದಿನ ಸಲದ್ದು ಏನಾದರೂ ಸಿಕ್ಕಿಕೊಂಡಿದ್ದರೆ ಅದು ನೀಲಿಯಾಗುತ್ತದೆ. ಮುಂದಿನ ಸಲ ಸೂಕ್ಷ್ಮದರ್ಶಕದಲ್ಲಿ ನೀಲಿ ಕಂಡರೆ, ಇದು ಕಲ್ಲಿನದಲ್ಲ ಎಂದು ತೆಗೆದು ಎಸೆಯಬಹುದು. ಅವರ ಬೆರಳಿನ ಗುಟ್ಟು ಇದೇ. ಅಣ್ಣನ ಮಗಳ ಮದುವೆಯಲ್ಲಿ ಹೆಂಗಸರೆಲ್ಲ ಮೆಹಂದಿ ತೋರಿಸಿಕೊಂಡು ಓಡಾಡುವಾಗ ಇವರೂ ಕೈ ಮುಂದೆ ಮಾಡಿ, "ನಂದು ಪಕ್ಕಾ ಬಣ್ಣ" ಎಂದಿದ್ದರು.

ನಾನು ಎಂ.ಎಸ್ಸಿ. ಮುಗಿಸಿ ಅದೇ ವಿಭಾಗದಲ್ಲಿ ಕಿರಿಯ ಡೆಮಾನ್‌ಸ್ಟ್ರೇಟರ್ ಆದ ವರ್ಷ. ಈ ಕಲ್ಲಿನ ಹುಳದ ಮೇಲೆಯೇ ಅವರು ಪಿಎಚ್.ಡಿ.ಗೆ ಹೆಸರು ಹಚ್ಚಿದ್ದರು, ಅದರ ಗಡುವು ಕೊನೆಗೆ ಬಂದಿತ್ತು. ಹೊಸದೇನಾದರೂ ತಂದರೆ ಸರಿ, ಇಲ್ಲದಿದ್ದರೆ ಹೆಸರು ತೆಗೆದುಹಾಕುತ್ತೇವೆ ಎಂದು ಮಾರ್ಗದರ್ಶಕರು ಪತ್ರ ಬರೆದಿದ್ದರು. ಇತ್ತ ವಿಭಾಗದಲ್ಲಿ ಲೆಕ್ಚರರ್ ಹುದ್ದೆಯೊಂದು ಖಾಲಿಯಾಗುವುದಿತ್ತು. ಪಿಎಚ್.ಡಿ. ಆದರೆ ನಿಮಗೇ ಎಂದು ಮುಖ್ಯಸ್ಥರು ಹೇಳಿದ್ದರು. ಇಪ್ಪತ್ತು ವರ್ಷ ಬೇರೆಯವರ ಕ್ಲಾಸಿಗೆ ಟ್ರೇ ಜೋಡಿಸಿಕೊಟ್ಟ ಮನುಷ್ಯನಿಗೆ ಒಂದು ಸಲವಾದರೂ ಕ್ಲಾಸಿನ ಮುಂದೆ ನಿಂತು ಪಾಠ ಹೇಳಬೇಕು ಎಂಬ ಆಸೆ ಇತ್ತು. ನನ್ನೆದುರು ಬಾಯಿಬಿಟ್ಟು ಹೇಳಿದ್ದರು.

ಆ ದಿನ ಪ್ರಾಕ್ಟಿಕಲ್ಲು, ಕಡಲ ಹುಳದ ದವಡೆ ಬಿಡಿಸುವುದು. ಮಾಂಸ ಕರಗಿಸಿ ಜರಡಿಗೆ ಸುರಿದರೆ ಕಪ್ಪು ದವಡೆ ಮೇಲೆ ಉಳಿಯುತ್ತದೆ. ಮೂವತ್ತು ಹುಡುಗರು ಮಾಡಿ ಹೋದರು. ಜರಡಿ ತೊಳೆದು ನೀಲಿಯಲ್ಲಿ ಅದ್ದುವ ಕೆಲಸ ನನ್ನದು. ಅದೇ ಸಂಜೆ ಹುಬ್ಬಳ್ಳಿಯಿಂದ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು, ಸರ್‌ಗೂ ಹೇಳಿದ್ದೆ. "ಇವತ್ತರ ಆ ನೀಲಿ ಕೈ ಮಾಡ್ಕೊಂಡು ಬರಬ್ಯಾಡ ನಮ್ಮವ್ವ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅವ್ವ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ಒಂದು ದಿನಕ್ಕೆ ಏನು ಮಹಾ ಎಂದು ಜರಡಿಯನ್ನು ನಲ್ಲಿಯ ಕೆಳಗೆ ಮೂರು ಸಲ ತೊಳೆದು, ಗೂಟಕ್ಕೆ ತೂಗುಹಾಕಿ, ಓಡಿ ಗಾಡಿ ಹಿಡಿದೆ.

ಗಂಡಿನವರು ಉಪ್ಪಿಟ್ಟು ತಿಂದು, ಹುಡುಗಿ ಎತ್ತರ ಹೆಚ್ಚಾಯಿತು ಎಂದು ಎದ್ದುಹೋದರು. ನನ್ನ ಕೈಯ ಕಡೆ ಯಾರೂ ತಿರುಗಿ ಕೂಡ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಸರ್ ರಾಡಿಯ ಜಾಡಿ ಎತ್ತಿಕೊಂಡು ಕೇಳಿದರು: "ನೀಲಿ ಆತೇನವಾ?"

"ಆತ್ರಿ ಸರ" ಎಂದೆ. ಯಾಕೆ ಹಾಗೆಂದೆನೋ ದೇವರಿಗೇ ಗೊತ್ತು. ಬೈಸಿಕೊಳ್ಳುವ ಹೆದರಿಕೆ, ಮತ್ತೇನು.

ಎರಡು ದಿನದ ಮೇಲೆ ಮಧ್ಯಾಹ್ನ ಅವರು ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದು, ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಮತ್ತೆ ನೋಡಿದರು. ಆಮೇಲೆ ನನ್ನನ್ನು ಕರೆದರು. ಎರಡು ದವಡೆ. ಕಪ್ಪಗೆ, ಹೊಳೆಯುತ್ತ, ಹಲ್ಲಿನ ಸಾಲು ಸ್ಪಷ್ಟವಾಗಿ. ನೀಲಿಯ ಸುಳಿವೂ ಇಲ್ಲ.

"ನಮ್ಮ ಕೆಸರಿನ ಹುಳದ್ದ ಆಕಾರ ನೋಡು. ಇಷ್ಟು ಕೋಟಿ ವರ್ಷದಾಗ ಹಲ್ಲು ಬದಲಾಗೇ ಇಲ್ಲ!" ಎಂದರು. ಅವರ ಕಣ್ಣಲ್ಲಿ ನೀರು. ನೀಲಿಯಲ್ಲಿ ಅದ್ದದೆ ಗೂಟಕ್ಕೆ ತೂಗುಹಾಕಿದ ಜರಡಿ ನನ್ನ ಕಣ್ಣ ಮುಂದೆ ಬಂತು.

ಹೇಳಲಿಲ್ಲ ನಾನು. ಮುಖ್ಯಸ್ಥರು ಬಂದು ಕೈ ಕುಲುಕಿದರು, ಕ್ಯಾಂಟೀನಿನಿಂದ ಎಲ್ಲರಿಗೂ ಬಟಾಟೆ ವಡೆ ಬಂತು, ಫೋರ್ಟಿನ ಕಡೆಯ ಒಂದು ಸಭಾಗೃಹದಲ್ಲಿ ಮುಂದಿನ ಶನಿವಾರ ವಿದ್ವಾಂಸರ ಮುಂದೆ ವಿಷಯ ಮಂಡಿಸುವುದೆಂದು ಗೊತ್ತಾಯಿತು. ಅವರ ಅಣ್ಣ ಜೀವಮಾನದಲ್ಲಿ ಮೊದಲ ಸಲ ಕಾಲೇಜಿಗೆ ಬಂದು, ಟೋಪಿ ಸರಿಮಾಡಿಕೊಂಡು, ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣಿಟ್ಟು ನೋಡಿದರು. "ಮೂವತ್ತು ವರ್ಷ ಇದರ ಮ್ಯಾಲ ಕುಂತು ಕೆಲಸ ಮಾಡೇನಿ, ನನಗ ಒಮ್ಮೆರ ಕಡೀಲಿಲ್ಲಲ್ಲ" ಎಂದು ನಕ್ಕರು. ಎಲ್ಲರೂ ನಕ್ಕರು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಶುಕ್ರವಾರ ಮಧ್ಯಾಹ್ನ ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು. ನಾಳೆಯ ಮಾತನ್ನು ಅವರು ಕಾಗದದ ಮೇಲೆ ತಿದ್ದುತ್ತಿದ್ದರು. ಹೋಗಿ ಎದುರು ನಿಂತೆ.

"ಸರ, ಆವತ್ತು ನಾ ನೀಲಿ ಮಾಡಿರಲಿಲ್ರಿ. ಸುಳ್ಳು ಹೇಳಿದೆ."

ಪೆನ್ನು ನಿಂತಿತು. ಯಾರಿಗೂ ಗೊತ್ತಿಲ್ಲ, ನಾನು ಯಾರಿಗೂ ಹೇಳುವುದಿಲ್ಲ ಎಂದು ಕೂಡ ಅಂದುಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರು ಎದ್ದು ಸೂಜಿ ತಂದರು. ಪರೀಕ್ಷೆ ಇಬ್ಬರಿಗೂ ಗೊತ್ತಿತ್ತು: ಕಲ್ಲಿನೊಳಗಿನ ಹಳೆಯ ದವಡೆಯನ್ನು ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದೆ, ಹೊಸದು ಬಾಗುತ್ತದೆ. ಇದ್ದದ್ದೇ ಎರಡು. ನಿಜವಾಗಿಯೂ ಹಳೆಯದಾಗಿದ್ದರೆ ಅವರ ಎಂಟು ವರ್ಷ ಆ ಸೂಜಿಯ ಕೆಳಗೆ ಪುಡಿಯಾಗುತ್ತದೆ. ಅದಕ್ಕೇ ಇಷ್ಟು ದಿನ ಮುಟ್ಟಿರಲಿಲ್ಲ.

"ಮುರೀಲಿ ಅಂತ ಬೇಡ್ಕೊ" ಎಂದರು, ಮೆಲ್ಲಗೆ ಒತ್ತಿದರು.

ಬಾಗಿತು. ಎರಡನೆಯದೂ ಬಾಗಿತು.

ಸೂಜಿ ಕೆಳಗಿಟ್ಟು, ದೀಪ ಆರಿಸಿ, ಸ್ಟೂಲಿನ ಮೇಲೆ ನನ್ನ ಕಡೆ ತಿರುಗಿ ಕೂತರು. ಈಗ ಬೈಯುತ್ತಾರೆ, ಬೈಯಲಿ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ. ಅವರು ಕೇಳಿದ್ದು ಬೇರೆ.

"ಆವತ್ತು ನಿನ್ನ ನೋಡಾಕ ಬಂದಿದ್ರಲ್ಲ, ಏನಂದ್ರವಾ ಅವರು?"

ಒಲ್ಲೆ ಅಂದರು ಎಂದೆ. "ಹೋಗ್ಲಿ ಬಿಡು. ಕಣ್ಣಿಲ್ಲದ ಮಂದಿ" ಎಂದು ಟೇಬಲ್ಲು ಒರೆಸತೊಡಗಿದರು. ನಾನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ.

ಸಭೆಯನ್ನು ರದ್ದು ಮಾಡಬಹುದಿತ್ತು. ಮಾಡಲಿಲ್ಲ. ಶನಿವಾರ ಆ ಸಭಾಗೃಹದಲ್ಲಿ ನಿಂತು, ಕಲ್ಲಿನಲ್ಲಿ ಹುಳ ಸಿಕ್ಕಿತೆಂದು ಹೇಗೆ ಮೋಸಹೋದೆ ಎಂಬುದನ್ನೇ ಅರ್ಧ ಗಂಟೆ ವಿವರವಾಗಿ ಹೇಳಿದರು. ಜರಡಿ, ನೀಲಿ, ಸೂಜಿ ಎಲ್ಲವನ್ನೂ. ಮುಂದೆ ಯಾರೂ ಹೀಗೆ ಮೋಸಹೋಗಬಾರದು ಎಂದು. ಅಷ್ಟು ಚೆಂದದ ಪಾಠವನ್ನು ನಾನು ಮತ್ತೆ ಕೇಳಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಾರ್ಗದರ್ಶಕರ ಮುಖ ಕೆಂಪಾಗಿತ್ತು.

"ಜರಡಿ ತೊಳೆದವರು ಯಾರು?" ಎಂದು ಗದರಿದರು.

"ಜರಡಿಯ ಜವಾಬ್ದಾರಿ ನನ್ನದು, ಸರ್" ಎಂದರು ಇವರು. ಮಾರ್ಗದರ್ಶಕರು ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ.

ಹೊರಗೆ ಬಂದ ಮೇಲೆ ನನ್ನನ್ನು ಹತ್ತಿರದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ ಎದುರಿಗೆ ಇಡ್ಲಿ ಇಡಿಸಿದರು. "ತಿನ್ನು. ವಾರದಿಂದ ಏನೂ ತಿಂದಿಲ್ಲ ನೀ, ಮಾರಿ ನೋಡಿದ್ರ ತಿಳಿತೈತಿ." ತಾವು ಬರೀ ಚಹಾ ಕುಡಿದರು.

ಪಿಎಚ್.ಡಿ. ಪಟ್ಟಿಯಿಂದ ಅವರ ಹೆಸರು ಹೋಯಿತು. ಲೆಕ್ಚರರ್ ಹುದ್ದೆಗೆ ಜಾಹೀರಾತು ಬಂದಾಗ ಅರ್ಜಿಯ ನಮೂನೆ ತಂದು ನನ್ನ ಕೈಗಿತ್ತವರು ಅವರೇ. ಪಿಎಚ್.ಡಿ. ಇಲ್ಲದಿದ್ದರೂ ನೆಟ್ ಪರೀಕ್ಷೆ ಪಾಸಾದವರಿಗೆ ನಡೆಯುತ್ತಿತ್ತು, ನಾನು ಪಾಸಾಗಿದ್ದೆ. ಆದರೂ ಆಗುವುದಿಲ್ಲ ಎಂದೆ. "ಹುಚ್ಚಿ, ನೀ ಹಾಕದಿದ್ರ ಆ ಪುಸ್ತಕ ಓದಿ ಹೇಳೋ ಮಂದ್ಯಾಗ ಇನ್ನೊಬ್ಬ ಬರ್ತಾನ" ಎಂದು ಗದರಿಸಿ ಸಹಿ ಹಾಕಿಸಿದರು. ನನಗೆ ಸಿಕ್ಕಿತು. ಅವರದಾಗಬೇಕಿದ್ದ ಕ್ಲಾಸಿನಲ್ಲಿ ನಾನು ಪಾಠ ಹೇಳಿದೆ, ನನ್ನ ಕ್ಲಾಸಿಗೆ ಅವರು ಟ್ರೇ ಜೋಡಿಸಿದರು. ಹುಡುಗರ ಎದುರು ನನ್ನನ್ನು "ಮೇಡಂ" ಎಂದೇ ಕರೆಯುತ್ತಿದ್ದರು. ಬೇಡ ಸರ ಎಂದು ಎಷ್ಟು ಜಗಳವಾಡಿದರೂ ಬಿಡಲಿಲ್ಲ. ಕಲ್ಲು ಕರಗಿಸುವುದನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಇಲ್ಲ ಎಂದು ಹುಡುಕಿ ಹೇಳಿದವನು ನಾನೊಬ್ಬನೇ ಎಂದು ಅದಕ್ಕೂ ಸಂತೋಷಪಡುತ್ತಿದ್ದರು.

ಹೋದ ವರ್ಷ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಹೊಸ ಮುಖ್ಯಸ್ಥರು ಮಾತಾಡುತ್ತ, ಸಣ್ಣ ಅಜಾಗರೂಕತೆಯಿಂದ ದೊಡ್ಡ ಅವಕಾಶ ಕಳೆದುಕೊಂಡವರು ಎಂದರು, ಕನಿಕರದಿಂದಲೇ. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮೈಕು ಹಿಡಿದೆ. ಅಜಾಗರೂಕತೆ ಅವರದಲ್ಲ, ನನ್ನದು, ನೀಲಿ ಅದ್ದದೆ ಅದ್ದಿದೆ ಎಂದು ಸುಳ್ಳು ಹೇಳಿದವಳು ನಾನು ಎಂದು ಎಲ್ಲರ ಮುಂದೆ ಹೇಳಿದೆ. ಆಗ ಇವರು ಕೊರಳಿನ ಹಾರ ತೆಗೆದಿಟ್ಟು, ನಿಧಾನಕ್ಕೆ ಬಂದು, ನನ್ನ ಕೈಯಿಂದ ಮೈಕು ಇಸಿದುಕೊಂಡರು.

"ಮೇಡಂ ಉಸ್ ದಿನ್ ಛುಟ್ಟೀ ಪರ್ ಥೇ" ಎಂದರು. "ಛನ್ನೀ ಮೈಚ್ ಧೋಯಾ ಥಾ."

ಮೇಡಂ ಅಂದು ರಜೆಯಲ್ಲಿದ್ದರು, ಜರಡಿ ತೊಳೆದವನು ನಾನೇ ಎಂದು. ಸಭೆ ಚಪ್ಪಾಳೆ ತಟ್ಟಿತು. ಮೇಡಂಗೆ ಗುರುಭಕ್ತಿ ಜಾಸ್ತಿ ಎಂದು ಯಾರೋ ಮೆಚ್ಚಿಕೊಂಡರು. ಪಿಎಚ್.ಡಿ.ಗಾಗಿ, ಹುದ್ದೆಗಾಗಿ, ಮರ್ಯಾದೆಗಾಗಿ ಒಂದು ಸುಳ್ಳು ಹೇಳದವರು, ನನಗೋಸ್ಕರ ತುಂಬಿದ ಸಭೆಯಲ್ಲಿ ಕಣ್ಣು ಮಿಟುಕಿಸದೆ ಹೇಳಿದರು. ಹೊರಗೆ ಬಂದು, "ಯಾಕ ಹಂಗಂದ್ರಿ ಸರ?" ಎಂದು ಜಗಳಕ್ಕೇ ನಿಂತೆ. "ವಯಸ್ಸಾತವಾ, ನೆನಪು ಸರಿ ಇರಂಗಿಲ್ಲ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ರಿಕ್ಷಾ ಹತ್ತಿದರು.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅಣ್ಣನ ಮಗ ಕಾಲೇಜಿಗೆ ಬಂದು ಹೇಳಿದ. ಮಣ್ಣು ಮಾಡಿ ಮೂರು ದಿನವಾಗಿತ್ತು. ಇನ್ನು ನನ್ನ ಕೈಯಿಂದ ಮೈಕು ಇಸಿದುಕೊಳ್ಳುವವರು ಯಾರೂ ಇಲ್ಲ. ಅದಕ್ಕೇ ಬರೆದಿದ್ದೇನೆ. ನಾನು ಅಂದು ರಜೆಯಲ್ಲಿರಲಿಲ್ಲ. ಜರಡಿ ತೊಳೆದವಳು ನಾನು.